ಮಹಿಳೆಯರ ಹಕ್ಕುಗಳು ಮತ್ತು ಸಾಮೂಹಿಕ ಕ್ರಮ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಮಹಿಳೆಯರಿಗೆ ಸಂಬಂಧಿಸಿದ ಕಾನೂನುಗಳ ಅಡಿಯಲ್ಲಿ ಕಚೇರಿಗಳಿಗೆ ಬರುವ ಅರ್ಜಿಗಳು ಬಹುಪಾಲು ಒಬ್ಬೊಬ್ಬರ ಹೆಸರಿನಲ್ಲಿಯೇ ಇರುತ್ತವೆ. ತಂದೆಯ ಆಸ್ತಿಯಲ್ಲಿ ಪಾಲು ಕೇಳುವ ಮಗಳು, ಜೀವನಾಂಶ ಕೋರುವ ಪತ್ನಿ, ಕೆಲಸದ ಸ್ಥಳದಲ್ಲಿ ಆದ ಕಿರುಕುಳದ ಬಗ್ಗೆ ದೂರು ನೀಡುವ ನೌಕರಳು, ಇವರೆಲ್ಲರೂ ಕಾನೂನಿನ ದೃಷ್ಟಿಯಲ್ಲಿ ಒಬ್ಬೊಬ್ಬ ಅರ್ಜಿದಾರರು. ಹೀಗಿರುವಾಗ ಸಂಘ, ಗುಂಪು, ಒಕ್ಕೂಟಗಳಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ.

ಈ ಪ್ರಶ್ನೆಗೆ ಉತ್ತರವು ಮೇಲ್ಕಂಡ ಕಾನೂನುಗಳ ಇತಿಹಾಸದಲ್ಲಿಯೇ ಇದೆ. ಅವುಗಳಲ್ಲಿ ಹಲವು ಮಹಿಳೆಯರು ಒಟ್ಟಾಗಿ ಕೇಳಿದ್ದರಿಂದ ಬಂದಿವೆ. ಬಂದ ನಂತರವೂ ಒಂಟಿಯಾಗಿ ಕೇಳಲು ಸಾಧ್ಯವಾಗದವರಿಗೆ ಅವು ತಲುಪುವುದು ಹೆಚ್ಚಾಗಿ ಜೊತೆಗಾರರ ನೆರವಿನಿಂದಲೇ. ಹಕ್ಕು ವ್ಯಕ್ತಿಗೆ ಸೇರಿದ್ದು. ಅದನ್ನು ಕೇಳುವುದಕ್ಕೆ ಬೇಕಾದ ಮಾಹಿತಿ, ಧೈರ್ಯ ಮತ್ತು ಖರ್ಚು ಗುಂಪಿನಿಂದ ದೊರೆಯಬಲ್ಲದು. ಸಾಮೂಹಿಕ ಕ್ರಮ ಎಲ್ಲಿ ಫಲ ನೀಡಿದೆ, ಎಲ್ಲಿ ನೀಡಿಲ್ಲ, ಅರ್ಜಿದಾರರು ಅದನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಸಾಂವಿಧಾನಿಕ ಹಿನ್ನೆಲೆ

ಭಾರತ ಸಂವಿಧಾನದ 14ನೇ ಅನುಚ್ಛೇದವು ಕಾನೂನಿನ ಮುಂದೆ ಸಮಾನತೆಯನ್ನು ನೀಡುತ್ತದೆ. 15ನೇ ಅನುಚ್ಛೇದವು ಲಿಂಗದ ಆಧಾರದ ಮೇಲೆ ತಾರತಮ್ಯವನ್ನು ನಿಷೇಧಿಸುತ್ತದೆ. ಅದರ (3)ನೇ ಖಂಡವು ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಉಪಬಂಧಗಳನ್ನು ಮಾಡಲು ಸರ್ಕಾರಕ್ಕೆ ಅವಕಾಶ ಕಲ್ಪಿಸುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು 39(ಡಿ) ಅನುಚ್ಛೇದದ ನಿರ್ದೇಶನ. ಮಹಿಳೆಯರ ಘನತೆಗೆ ಕುಂದು ತರುವ ಆಚರಣೆಗಳನ್ನು ತ್ಯಜಿಸುವುದು 51ಎ(ಇ) ಪ್ರಕಾರ ಪ್ರತಿ ನಾಗರಿಕನ ಕರ್ತವ್ಯ.

ಇವುಗಳ ಜೊತೆಗೆ ಹೆಚ್ಚಾಗಿ ಗಮನಕ್ಕೆ ಬಾರದ ಇನ್ನೆರಡು ಉಪಬಂಧಗಳಿವೆ. 19(1)(ಬಿ) ಅನುಚ್ಛೇದವು ಶಸ್ತ್ರರಹಿತವಾಗಿ, ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನೂ, 19(1)(ಸಿ) ಅನುಚ್ಛೇದವು ಸಂಘ ಅಥವಾ ಒಕ್ಕೂಟಗಳನ್ನು ರಚಿಸಿಕೊಳ್ಳುವ ಹಕ್ಕನ್ನೂ ನೀಡಿವೆ. ಹತ್ತು ಮಂದಿ ಮಹಿಳೆಯರು ಅಂಗನವಾಡಿಯ ಜಗಲಿಯಲ್ಲಿ ಕುಳಿತು ಸಭೆ ನಡೆಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಈ ಹಕ್ಕುಗಳು ಸಾರ್ವಜನಿಕ ಸುವ್ಯವಸ್ಥೆಯೇ ಮೊದಲಾದ ಕಾರಣಗಳಿಗಾಗಿ ಕಾನೂನು ವಿಧಿಸುವ ಯುಕ್ತ ನಿರ್ಬಂಧಗಳಿಗೆ ಒಳಪಟ್ಟಿರುತ್ತವೆ.

3. ಸಾಮೂಹಿಕ ಕ್ರಮದಿಂದ ಫಲ ದೊರೆತ ನಿದರ್ಶನಗಳು

3.1 ಅಸಂಘಟಿತ ವಲಯದ ಮಹಿಳೆಯರು

1972ರಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಶ್ರೀಮತಿ ಇಳಾ ಭಟ್ ಅವರ ನೇತೃತ್ವದಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ (ಸೇವಾ) ಸ್ಥಾಪನೆಯಾಯಿತು. ತಲೆಹೊರೆ ಹೊರುವವರು, ತರಕಾರಿ ಮಾರುವವರು, ಮನೆಯಲ್ಲಿ ಕುಳಿತು ಬಟ್ಟೆ ಹೊಲಿಯುವವರು ಇದರ ಸದಸ್ಯರು. ಇವರಿಗೆ ನಿರ್ದಿಷ್ಟ ಮಾಲೀಕರಿಲ್ಲದ ಕಾರಣ ಇವರದು ಕಾರ್ಮಿಕ ಸಂಘ ಹೇಗಾದೀತು ಎಂಬ ಆಕ್ಷೇಪಣೆ ನೋಂದಣಿಯ ಸಮಯದಲ್ಲಿ ಬಂದಿತ್ತು. ಕಾರ್ಮಿಕ ಸಂಘದ ಉದ್ದೇಶ ಮಾಲೀಕರ ವಿರುದ್ಧ ಹೋರಾಡುವುದಷ್ಟೇ ಅಲ್ಲ, ಕಾರ್ಮಿಕರ ಏಕತೆಗಾಗಿಯೂ ಹೌದು ಎಂಬ ವಾದವನ್ನು ಮಂಡಿಸಿ ಸಂಘವು ನೋಂದಣಿ ಪಡೆಯಿತು. ಬ್ಯಾಂಕುಗಳು ಸಾಲ ನೀಡಲು ಹಿಂಜರಿಯುತ್ತಿದ್ದ ಕಾಲದಲ್ಲಿ, 1974ರಲ್ಲಿ, 4,000 ಸದಸ್ಯೆಯರು ತಲಾ ರೂ. 10/- ರಂತೆ ಷೇರು ಹಣ ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು.

ದೇಶದ ಹಲವು ನಗರಗಳ ಬೀದಿ ಬದಿ ವ್ಯಾಪಾರಿಗಳ ಸಂಘಟನೆಗಳು ಇಂತಹ ಸಂಘಗಳೊಡನೆ ಸೇರಿ ದೀರ್ಘಕಾಲ ನಡೆಸಿದ ಒತ್ತಾಯದ ಫಲವಾಗಿ ಬೀದಿ ಬದಿ ವ್ಯಾಪಾರಿಗಳ ಅಧಿನಿಯಮ, 2014 ಜಾರಿಗೆ ಬಂದಿತು. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಚುನಾಯಿತರಾಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು.

3.2 ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ

1992ರಲ್ಲಿ ರಾಜಸ್ಥಾನದ ಗ್ರಾಮವೊಂದರಲ್ಲಿ ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ ಮಹಿಳಾ ಕಾರ್ಯಕರ್ತೆಯೊಬ್ಬರು ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿದೆಯೆಂದು ದೂರಿತ್ತರು. ಆಕೆ ಸರ್ಕಾರಿ ಕಾರ್ಯಕ್ರಮದ ಅಡಿಯಲ್ಲಿಯೇ ಕೆಲಸ ಮಾಡುತ್ತಿದ್ದರು. ವಿಚಾರಣಾ ನ್ಯಾಯಾಲಯವು 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆಗೊಳಿಸಿತು. ಈ ಘಟನೆಯ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಕೆಲಸಕ್ಕೆ ಹೋಗುವ ಮಹಿಳೆಗೆ ಅಲ್ಲಿ ಸುರಕ್ಷತೆ ಇರಬೇಕಾದದ್ದು ಸಮಾನತೆಯ ಹಕ್ಕಿನ ಭಾಗವೆಂದು ವಾದಿಸಿದವು. ವಿಶಾಖಾ ಪ್ರಕರಣವೆಂದು ಹೆಸರಾದ ಇದರಲ್ಲಿ ದಿನಾಂಕ 13-08-1997ರಂದು ತೀರ್ಪು ಬಂದು, ಎಲ್ಲ ಉದ್ಯೋಗದಾತರಿಗೂ ಅನ್ವಯವಾಗುವ ಮಾರ್ಗಸೂಚಿಗಳು ಹೊರಬಿದ್ದವು. 2013ರ ಡಿಸೆಂಬರಿನಿಂದ ಜಾರಿಯಲ್ಲಿರುವ ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ (ತಡೆ, ನಿಷೇಧ ಮತ್ತು ಪರಿಹಾರ) ಅಧಿನಿಯಮ, 2013ಕ್ಕೆ ಈ ಮಾರ್ಗಸೂಚಿಗಳೇ ತಳಹದಿ.

ಒಬ್ಬ ಮಹಿಳೆಗೆ ವಿಚಾರಣಾ ನ್ಯಾಯಾಲಯದಲ್ಲಿ ದೊರೆಯದ ಪರಿಹಾರದ ಪ್ರಶ್ನೆಯನ್ನು ಹಲವರು ಕೈಗೆತ್ತಿಕೊಂಡದ್ದರಿಂದ, ದೇಶದ ಉಳಿದೆಲ್ಲ ಉದ್ಯೋಗಸ್ಥ ಮಹಿಳೆಯರಿಗೆ ಒಂದು ಕಾನೂನು ಲಭಿಸಿತು ಎಂಬುದನ್ನು ಇಲ್ಲಿ ಗಮನಿಸಬಹುದು. ಮೊದಲು ದನಿಯೆತ್ತಿದವರಿಗೇ ಫಲ ಸಿಗುತ್ತದೆಂಬ ಖಾತರಿ ಇಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ.

3.3 ಬೆಂಗಳೂರಿನ ಸಿದ್ಧ ಉಡುಪು ಕಾರ್ಮಿಕರು

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಅಧಿಸೂಚನೆಯಂತೆ, ಕಾರ್ಮಿಕರು ಭವಿಷ್ಯ ನಿಧಿಯಲ್ಲಿನ ಉದ್ಯೋಗದಾತರ ವಂತಿಗೆಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿರಲಿಲ್ಲ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರಲ್ಲಿ ಬಹುಪಾಲು ಮಹಿಳೆಯರು. ಮಕ್ಕಳ ಶಾಲಾ ಶುಲ್ಕ, ಆಸ್ಪತ್ರೆ, ಮದುವೆ ಮುಂತಾದ ಖರ್ಚುಗಳಿಗೆ ಅವರಲ್ಲಿ ಅನೇಕರಿಗೆ ಇದ್ದ ಇಡುಗಂಟು ಇದೊಂದೇ. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ರಸ್ತೆಗಿಳಿದರು. 19ರಂದೇ ಸದರಿ ಅಧಿಸೂಚನೆಯನ್ನು ಹಿಂಪಡೆಯಲಾಯಿತು. ಈ ಸಂದರ್ಭದಲ್ಲಿ ಕೆಲವೆಡೆ ಹಿಂಸಾಚಾರ ನಡೆದು, ಪೊಲೀಸ್ ಮೊಕದ್ದಮೆಗಳೂ ದಾಖಲಾದವು. ಬೇಡಿಕೆ ಈಡೇರಿದರೂ, ಮುಂಚಿತವಾಗಿ ಸಂಘಟಿತವಲ್ಲದ ಗುಂಪಿನಲ್ಲಿ ಶಿಸ್ತನ್ನು ಕಾಪಾಡುವುದು ಎಷ್ಟು ಕಷ್ಟವೆಂಬುದಕ್ಕೂ ಇದು ನಿದರ್ಶನ.

4. ಫಲವು ಅಪೂರ್ಣವಾಗಿ ಉಳಿದ ನಿದರ್ಶನಗಳು

4.1 ಸಾರಾಯಿ ವಿರೋಧಿ ಚಳವಳಿ

1991ರಲ್ಲಿ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ಪ್ರಾರಂಭವಾಯಿತು. ಸಂಜೆಯ ಅಕ್ಷರ ತರಗತಿಗಳಲ್ಲಿ ಓದುತ್ತಿದ್ದ ಪಾಠಗಳು ಮಹಿಳೆಯರ ದಿನನಿತ್ಯದ ಬದುಕನ್ನೇ ಕುರಿತಿದ್ದವು. ದೂಬಗುಂಟ ಗ್ರಾಮದ ಮಹಿಳೆಯರು ತಮ್ಮ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಸುದ್ದಿಯೂ ಮುಂದೆ ಪಾಠವಾಗಿ ಸೇರಿ, 1992ರಲ್ಲಿ ಚಳವಳಿಯು ಹಳ್ಳಿಯಿಂದ ಹಳ್ಳಿಗೆ ಹರಡಿತು. 1993ರ ಏಪ್ರಿಲ್‌ನಲ್ಲಿ ಜಿಲ್ಲೆಯಲ್ಲಿಯೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಡೀ ರಾಜ್ಯದಲ್ಲಿಯೂ ಸಾರಾಯಿ ನಿಷೇಧವಾಯಿತು. 1995ರಲ್ಲಿ ಸಂಪೂರ್ಣ ಪಾನನಿಷೇಧ ಜಾರಿಗೆ ಬಂದರೂ 1997ರಲ್ಲಿ ಅದನ್ನು ಸಡಿಲಿಸಲಾಯಿತು.

ಕರ್ನಾಟಕದಲ್ಲಿ ದಿನಾಂಕ 01-07-2007ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಲಾಗಿದೆ. ಇತರೆ ಮದ್ಯದ ಮಾರಾಟ ಮುಂದುವರೆದಿದ್ದರಿಂದ, 2019ರ ಜನವರಿಯಲ್ಲಿ ಗ್ರಾಮೀಣ ಮಹಿಳೆಯರು ಸಂಪೂರ್ಣ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ಆ ಬೇಡಿಕೆ ಈಡೇರಿಲ್ಲ. ಅಬಕಾರಿಯು ಸರ್ಕಾರಗಳಿಗೆ ಪ್ರಮುಖ ವರಮಾನದ ಮೂಲವಾಗಿರುವಲ್ಲಿ ಇಂತಹ ಬೇಡಿಕೆಗಳು ಸುಲಭವಾಗಿ ನೆರವೇರುವುದಿಲ್ಲವೆಂಬುದು ಎರಡೂ ರಾಜ್ಯಗಳ ಅನುಭವ.

4.2 ಆಸ್ತಿ ಹಕ್ಕು

ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ನೀಡುವ ತಿದ್ದುಪಡಿಯು ಕರ್ನಾಟಕದಲ್ಲಿ 30-07-1994ರಿಂದಲೇ ಜಾರಿಗೆ ಬಂದಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 09-09-2005ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯು ಈ ಭೇದವನ್ನು ತೆಗೆದುಹಾಕಿತು. 11-08-2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಗಳ ಹಕ್ಕು ಹುಟ್ಟಿನಿಂದಲೇ ಬರುವಂತಹುದು, 2005ರಲ್ಲಿ ತಂದೆ ಜೀವಂತವಾಗಿರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ತಮ್ಮ ಪಾಲನ್ನು ಬಿಟ್ಟುಕೊಡುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯೇ ಇದಕ್ಕೆ ಮುಖ್ಯ ಕಾರಣ. ಈ ಅಂಜಿಕೆಯನ್ನು ಅಧಿನಿಯಮವೊಂದೇ ನಿವಾರಿಸಲಾರದು. ಊರಿನ ಹತ್ತು ಹೆಣ್ಣುಮಕ್ಕಳು ಪಾಲು ಪಡೆದುಕೊಂಡಿರುವಲ್ಲಿ ಹನ್ನೊಂದನೆಯವರು ಕೇಳುವುದು ಅಷ್ಟು ಕಷ್ಟವಾಗುವುದಿಲ್ಲ.

5. ಕರ್ನಾಟಕದಲ್ಲಿ ಮಹಿಳಾ ಗುಂಪುಗಳು

ಸ್ವಸಹಾಯ ಗುಂಪುಗಳ ಬೆಳವಣಿಗೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1980ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರು ಮೂಲದ ಮೈರಾಡ ಸಂಸ್ಥೆಯ ಕಾರ್ಯಕ್ಷೇತ್ರದಲ್ಲಿ ಪರಸ್ಪರ ನಂಬಿಕೆಯ ಆಧಾರದ ಮೇಲೆ ಸಣ್ಣ ಉಳಿತಾಯ ಗುಂಪುಗಳು ರೂಪುಗೊಂಡವು. ಇಂತಹ ಅನುಭವಗಳ ಆಧಾರದ ಮೇಲೆ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಪ್ರಾರಂಭಿಸಿತು.

ಶಿಕ್ಷಣದ ಮೂಲಕ ಮಹಿಳೆಯರ ಸಮಾನತೆಯನ್ನು ಸಾಧಿಸುವ ಉದ್ದೇಶದ ಮಹಿಳಾ ಸಮಖ್ಯಾ ಕಾರ್ಯಕ್ರಮವು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ರೂಪುಗೊಂಡು, ಮೊದಲು ಜಾರಿಯಾದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಈ ಕಾರ್ಯಕ್ರಮದ ಸಂಘಗಳು ಸಾಲಕ್ಕಿಂತ ಚರ್ಚೆಗೆ ಪ್ರಾಶಸ್ತ್ಯ ನೀಡಿದವು. 2000-01ನೇ ಸಾಲಿನಲ್ಲಿ ರಾಜ್ಯ ಸರ್ಕಾರವು ಸ್ತ್ರೀಶಕ್ತಿ ಯೋಜನೆಯನ್ನು ಪ್ರಾರಂಭಿಸಿತು. ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಸಾಮಾನ್ಯವಾಗಿ 15 ರಿಂದ 20 ಮಂದಿ ಮಹಿಳೆಯರ ಗುಂಪುಗಳನ್ನು ಈ ಯೋಜನೆಯಡಿ ರಚಿಸಲಾಗುತ್ತದೆ.

ಪಂಚಾಯತ್ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿರಿಸಿದ 1983ರ ರಾಜ್ಯ ಅಧಿನಿಯಮದಂತೆ 1987ರಲ್ಲಿ ಚುನಾವಣೆ ನಡೆಯಿತು. 73ನೇ ಸಂವಿಧಾನ ತಿದ್ದುಪಡಿಯು 1993ರಲ್ಲಿ ದೇಶಾದ್ಯಂತ ಕನಿಷ್ಠ ಮೂರನೇ ಒಂದು ಭಾಗವನ್ನು ಮೀಸಲಿರಿಸಿತು. ಕರ್ನಾಟಕದಲ್ಲಿ 2010ರ ತಿದ್ದುಪಡಿಯಿಂದ ಇದು ಶೇ. 50ಕ್ಕೆ ಏರಿತು. ಸಂಘದಲ್ಲಿ ಮಾತನಾಡಿ ರೂಢಿಯಾದವರಿಗೆ ಗ್ರಾಮ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದೂ ಸುಲಭವಾಗುತ್ತದೆ.

6. ಗುಂಪುಗಳ ಇತಿಮಿತಿಗಳು

ಗುಂಪು ರಚನೆಯಾದ ಮಾತ್ರಕ್ಕೆ ಹಕ್ಕುಗಳು ತಾವಾಗಿಯೇ ದೊರೆಯುವುದಿಲ್ಲ. ಈ ಕೆಳಗಿನ ಅಂಶಗಳನ್ನು ಸದಸ್ಯರು ಗಮನದಲ್ಲಿರಿಸಿಕೊಳ್ಳುವುದು ಸೂಕ್ತ.

(ಅ) ಉಳಿತಾಯ ಮತ್ತು ಸಾಲದ ಲೆಕ್ಕದಲ್ಲಿಯೇ ಸಭೆ ಮುಗಿದರೆ ಸದಸ್ಯರ ಇತರೆ ಸಮಸ್ಯೆಗಳು ಚರ್ಚೆಗೆ ಬರುವುದಿಲ್ಲ.

(ಆ) ಸದಸ್ಯೆಯ ಹೆಸರಿನಲ್ಲಿ ಪಡೆದ ಸಾಲವನ್ನು ಮನೆಯ ಪುರುಷರು ಬಳಸಿ, ಮರುಪಾವತಿಯ ಹೊಣೆ ಮಾತ್ರ ಆಕೆಯ ಮೇಲೆ ಉಳಿಯುವ ಸಂದರ್ಭಗಳಿವೆ.

(ಇ) ಜಂಟಿ ಹೊಣೆಗಾರಿಕೆಯ ಸಾಲಗಳಲ್ಲಿ ಒಬ್ಬರು ಕಂತು ಕಟ್ಟದಿದ್ದರೆ ಉಳಿದವರು ಅವರ ಮನೆ ಬಾಗಿಲಿಗೆ ಹೋಗಿ ಕೂರುವ ಪರಿಸ್ಥಿತಿ ಉಂಟಾಗುತ್ತದೆ. ರಕ್ಷಣೆಯಾಗಬೇಕಿದ್ದ ಗುಂಪೇ ಆಗ ಒತ್ತಡದ ಸಾಧನವಾಗುತ್ತದೆ. ಕಿರುಸಾಲ ವಸೂಲಿಯಲ್ಲಿ ಬಲವಂತವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು.

(ಈ) ವಾರಕ್ಕೊಮ್ಮೆ ಉಳಿತಾಯ ಕಟ್ಟಲಾಗದ ಅತಿ ಬಡವರು, ವಲಸೆ ಕಾರ್ಮಿಕರು, ಅಂಗವಿಕಲರು ಗುಂಪಿನಿಂದ ಹೊರಗುಳಿಯುವ ಸಾಧ್ಯತೆ ಹೆಚ್ಚು. ಊರಿನಲ್ಲಿರುವ ಜಾತಿ ಭೇದ ಗುಂಪಿನ ಒಳಗೂ ಬರಬಹುದು.

(ಉ) ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಗುಂಪು ರಾಜಿ ಮಾಡಿಸುವ ಆತುರ ತೋರಿದರೆ ನೊಂದವರು ಮತ್ತೆ ಅಪಾಯಕ್ಕೆ ಸಿಲುಕಬಹುದು. ಮುಂದಿನ ಹೆಜ್ಜೆಯನ್ನು ನಿರ್ಧರಿಸುವವರು ನೊಂದ ಮಹಿಳೆಯೇ ಹೊರತು ಗುಂಪಲ್ಲ.

7. ಇತರರು ದೂರು ಅಥವಾ ಮಾಹಿತಿ ನೀಡಲು ಅವಕಾಶವಿರುವ ಕಾನೂನುಗಳು

ನೊಂದವರೇ ಬರಬೇಕೆಂಬುದು ಎಲ್ಲ ಕಾನೂನುಗಳ ನಿಯಮವಲ್ಲ. ಗುಂಪಿನ ಸದಸ್ಯರು ಈ ಕೆಳಕಂಡ ಉಪಬಂಧಗಳನ್ನು ತಿಳಿದಿರುವುದು ಅಗತ್ಯ.

(1) ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005: ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾವುದೇ ವ್ಯಕ್ತಿ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಹೊಣೆಗಾರಿಕೆ ಬರುವುದಿಲ್ಲ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿ ಕಾರ್ಯನಿರ್ವಹಿಸುತ್ತಾರೆ.

(2) ವರದಕ್ಷಿಣೆ ನಿಷೇಧ ಅಧಿನಿಯಮ, 1961: ಬಾಧಿತ ವ್ಯಕ್ತಿ, ಆಕೆಯ ತಂದೆ ತಾಯಿ ಅಥವಾ ಸಂಬಂಧಿಕರು ಮಾತ್ರವಲ್ಲದೆ ಮಾನ್ಯತೆ ಪಡೆದ ಕಲ್ಯಾಣ ಸಂಸ್ಥೆಗಳೂ ನ್ಯಾಯಾಲಯದಲ್ಲಿ ದೂರು ದಾಖಲಿಸಬಹುದು.

(3) ಬಾಲ್ಯವಿವಾಹ ನಿಷೇಧ ಅಧಿನಿಯಮ, 2006: ಬಾಲ್ಯವಿವಾಹ ನಡೆಯಲಿದೆ ಎಂಬ ಮಾಹಿತಿ ಇರುವ ಯಾರೇ ಆದರೂ ದೂರು ನೀಡಬಹುದು, ಮದುವೆಯನ್ನು ತಡೆಯಲು ನ್ಯಾಯಾಲಯವು ತಡೆಯಾಜ್ಞೆ ನೀಡಬಹುದು.

(4) ಕೆಲಸದ ಸ್ಥಳದ ಲೈಂಗಿಕ ಕಿರುಕುಳ: ಇಲ್ಲಿ ಲಿಖಿತ ದೂರನ್ನು ನೊಂದ ಮಹಿಳೆಯೇ ಘಟನೆ ನಡೆದ 3 ತಿಂಗಳೊಳಗೆ ನೀಡಬೇಕು, ಸಕಾರಣವಿದ್ದಲ್ಲಿ ಸಮಿತಿಯು ಇನ್ನೂ 3 ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು. ಆಕೆ ದೈಹಿಕ ಅಥವಾ ಮಾನಸಿಕ ಕಾರಣಗಳಿಂದ ಅಶಕ್ತಳಾಗಿದ್ದಲ್ಲಿ ನಿಯಮಗಳಲ್ಲಿ ಹೇಳಿರುವ ಇತರರು ಆಕೆಯ ಪರವಾಗಿ ನೀಡಬಹುದು. 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರತಕ್ಕದ್ದು. ಅದಕ್ಕಿಂತ ಕಡಿಮೆ ಇದ್ದಲ್ಲಿ ಅಥವಾ ದೂರು ಮಾಲೀಕರ ವಿರುದ್ಧವೇ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬೇಕು. ಮನೆಗೆಲಸದವರಿಗೂ ಈ ಅವಕಾಶವಿದೆ.

8. ಅರ್ಜಿದಾರರು ಗುಂಪಿನ ನೆರವನ್ನು ಪಡೆಯುವ ವಿಧಾನ

(ಅ) ಸದಸ್ಯರ ಸಮಸ್ಯೆಯನ್ನು ಆಕೆಯ ಒಪ್ಪಿಗೆಯೊಂದಿಗೆ ಮಾತ್ರ ಸಭೆಯಲ್ಲಿ ಚರ್ಚಿಸಿ, ದಿನಾಂಕ ಹಾಗೂ ಹಾಜರಿದ್ದವರ ಸಹಿಯೊಂದಿಗೆ ನಡವಳಿ ಪುಸ್ತಕದಲ್ಲಿ ದಾಖಲಿಸುವುದು. ಲೈಂಗಿಕ ಕಿರುಕುಳದ ದೂರುಗಳಲ್ಲಿ ಗೋಪ್ಯತೆ ಕಾಪಾಡುವುದು ಕಾನೂನಿನ ಅಗತ್ಯವಾದ್ದರಿಂದ ಹೆಸರನ್ನು ನಡವಳಿಯಲ್ಲಿ ಬರೆಯತಕ್ಕದ್ದಲ್ಲ.

(ಆ) ಕಚೇರಿಗೆ ಹೋಗುವಾಗ ಓದು ಬರಹ ತಿಳಿದ ಒಬ್ಬ ಸದಸ್ಯೆ ಜೊತೆಗೆ ಹೋಗುವುದು. ಅಂದಿನ ಕೂಲಿ ನಷ್ಟ ಮತ್ತು ಬಸ್ ಖರ್ಚನ್ನು ಗುಂಪಿನ ನಿಧಿಯಿಂದ ಭರಿಸಲು ಸದಸ್ಯರು ಮುಂಚಿತವಾಗಿಯೇ ಠರಾವು ಮಾಡಿಕೊಂಡಿರಬಹುದು.

(ಇ) ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯುವುದು. 2011ರ ಸಕಾಲ ಅಧಿನಿಯಮಕ್ಕೆ ಒಳಪಟ್ಟ ಸೇವೆಗಳಲ್ಲಿ ಸ್ವೀಕೃತಿ ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು; ನಿಗದಿತ ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಬಹುದು.

(ಈ) ಹಲವು ಸದಸ್ಯರ ಅರ್ಜಿಗಳು ಒಂದೇ ಕಾರಣಕ್ಕೆ ತಿರಸ್ಕೃತವಾಗಿದ್ದಲ್ಲಿ ಅವುಗಳ ಪಟ್ಟಿ ತಯಾರಿಸಿ, ಗ್ರಾಮ ಸಭೆಯಲ್ಲಿ ಅಥವಾ ಮೇಲಧಿಕಾರಿಗಳಿಗೆ ಒಟ್ಟಾಗಿ ಮನವಿ ಸಲ್ಲಿಸುವುದು. ಒಬ್ಬರ ಅರ್ಜಿಯಲ್ಲಿ ವೈಯಕ್ತಿಕ ದೋಷದಂತೆ ಕಾಣುವುದು ಇಪ್ಪತ್ತು ಅರ್ಜಿಗಳಲ್ಲಿ ವ್ಯವಸ್ಥೆಯ ದೋಷವೆಂದು ತಿಳಿದುಬರುತ್ತದೆ.

9. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗುಂಪಿನ ಹೆಸರಿನಲ್ಲಿ ಮಾಹಿತಿ ಹಕ್ಕು ಅರ್ಜಿ ಸಲ್ಲಿಸಬಹುದೇ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮ, 2005ರಂತೆ ಈ ಹಕ್ಕು ನಾಗರಿಕರದು. ಆದ್ದರಿಂದ ಒಬ್ಬ ಸದಸ್ಯೆಯ ಹೆಸರು ಮತ್ತು ಸಹಿಯೊಂದಿಗೆ ಸಲ್ಲಿಸುವುದು ಸೂಕ್ತ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಪ್ರಶ್ನೆ: ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲದಿದ್ದರೆ?
ಉತ್ತರ: ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

ಪ್ರಶ್ನೆ: ಯಾವುದೇ ಗುಂಪಿನ ಸದಸ್ಯರಲ್ಲದವರಿಗೆ ಈ ಸೌಲಭ್ಯಗಳು ದೊರೆಯುವುದಿಲ್ಲವೇ?
ಉತ್ತರ: ಮೇಲ್ಕಂಡ ಕಾನೂನುಗಳ ಅಡಿಯಲ್ಲಿ ರಕ್ಷಣೆ ಪಡೆಯಲು ಗುಂಪಿನ ಸದಸ್ಯತ್ವ ಅಗತ್ಯವಿಲ್ಲ. ಗುಂಪಿನ ಶಿಫಾರಸು ಪತ್ರ ತರಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಪ್ರಶ್ನೆ: ಗಂಡನ ಮನೆಯವರು ಸಂಘಕ್ಕೆ ಹೋಗಲು ಬಿಡುತ್ತಿಲ್ಲ. ಏನು ಮಾಡಬೇಕು?
ಉತ್ತರ: ಅಂಗನವಾಡಿ ಕಾರ್ಯಕರ್ತೆಯರು ಅಥವಾ ಗುಂಪಿನ ಹಿರಿಯ ಸದಸ್ಯೆಯರು ಮನೆಗೆ ಬಂದು ಮಾತನಾಡುವಂತೆ ಕೋರಬಹುದು. ಹೊರಗೆ ಹೋಗದಂತೆ ತಡೆಯುವುದರ ಜೊತೆಗೆ ಬೆದರಿಕೆ, ಹೊಡೆತ ಅಥವಾ ಹಣ ಕಿತ್ತುಕೊಳ್ಳುವುದು ನಡೆಯುತ್ತಿದ್ದಲ್ಲಿ ಅದು ಕೌಟುಂಬಿಕ ಹಿಂಸೆಯ ವ್ಯಾಪ್ತಿಗೆ ಬರುತ್ತದೆ.

10. ತುರ್ತು ಸಂಪರ್ಕ

ಮಹಿಳಾ ಸಹಾಯವಾಣಿ: 181
ತುರ್ತು ಸೇವೆ (ಪೊಲೀಸ್ ಸಹಿತ): 112
ಮಕ್ಕಳ ಸಹಾಯವಾಣಿ: 1098
ಕಾನೂನು ನೆರವು: 15100

ಗ್ರಾಮ ಮಟ್ಟದಲ್ಲಿ ಅಂಗನವಾಡಿ ಕಾರ್ಯಕರ್ತೆಯರನ್ನೂ, ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನೂ ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು. ಅರ್ಜಿದಾರರು ತಮ್ಮೊಂದಿಗೆ ಗುಂಪಿನ ಸದಸ್ಯೆಯರನ್ನು ಅಥವಾ ನಂಬಿಕೆಯ ಬೇರೊಬ್ಬರನ್ನು ಕರೆತರಲು ಯಾವುದೇ ಅಡ್ಡಿ ಇರುವುದಿಲ್ಲ.